ಕಿಟಕಿಯ ಬಲಗಡೆ

ಜನವರಿ 12

ನನ್ನ ಗುಂಡುಸೂಜಿಗೆ,

ಇಲ್ಲಿ ನಾವಿಬ್ಬರೂ ಕ್ಷೇಮ ಎಂದು ಕಾಗದ ಶುರುಮಾಡುವುದು ರೂಢಿ. ನಿನ್ನ ಅಮ್ಮ ಕ್ಷೇಮ. ಪಕ್ಕದಲ್ಲೇ ಕೂತು, ನಾನು ಏನು ಬರೆಯುತ್ತಿದ್ದೇನೆಂದು ಕತ್ತು ಚಾಚಿ ನೋಡುತ್ತಿದ್ದಾಳೆ.

ನೀನು ಹೊಸ ಸೈಟಿಗೆ ಹೋಗಿ ಆರು ವಾರವಾಯಿತು. ಎರಡು ಸಲ ಫೋನ್ ಮಾಡಿದೆ. ಅಮ್ಮ ನನ್ನ ಕೈಗೆ ಕೊಟ್ಟಾಗ ನೀನು ಏನೋ ಅಂದೆ, ನಾನು ಹೂಂ ಅಂದೆ. ಮತ್ತೇನೋ ಅಂದೆ, ಮತ್ತೆ ಹೂಂ ಅಂದೆ. ಇನ್ನೂ ಕೋಪವೇ ಎಂದು ನೀನು ಕೇಳಿದೆಯಂತೆ, ಅಮ್ಮ ಆಮೇಲೆ ಹೇಳಿದಳು. ನನಗೆ ಕೋಪವಿಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ. ಮೆಸೇಜು ಕಳಿಸೋಣವೆಂದರೆ ಆ ಗಾಜಿನ ಮೇಲೆ ನನ್ನ ಬೆರಳು ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ಗಾರೆ ಕಲಸಿದ ಬೆರಳು, ಅದನ್ನು ಬೈದು ಏನು ಬಂತು.

ನಿನ್ನ ಮೇಲ್ವಿಚಾರಣೆಯಲ್ಲಿ ಟೇಲರಮ್ಮನ ಮನೆಗೆ ಕಾಂಕ್ರೀಟ್ ತುಂಬಿದ ದಿನ ಬೆಳಿಗ್ಗೆ ನೀನು ಎಂಟು ಜನರ ಮುಂದೆ ನನಗೆ ಅಂದ ಮಾತನ್ನು ನಾನು ಮರೆತಿದ್ದೇನೆ. ಮರೆತಿದ್ದೇನೆ ಎಂದು ಯಾರಾದರೂ ಬರೆದರೆ ನೆನಪಿದೆ ಎಂದೇ ಅರ್ಥ, ಇರಲಿ. ತಪ್ಪು ನನ್ನದೇ. ಸುರಿಯುವುದನ್ನು ನಿಲ್ಲಿಸಿ ಎಂದು ನೀನು ಮೂರು ಸಲ ಕೂಗಿದೆಯಂತೆ. ನಾನು ಪೈಪು ಹಿಡಿದು ಸುರಿಯುತ್ತಲೇ ಇದ್ದೆ. ಭಾರ ತಾಳದೆ ಬ್ಲಾಕು ಹೊಟ್ಟೆ ಒಡೆದುಕೊಂಡು, ಕಾಂಕ್ರೀಟೆಲ್ಲ ನನ್ನ ಕಾಲ ಮೇಲೆ ಬಂತು.

ನಲವತ್ತು ವರ್ಷ ಇಟ್ಟಿಗೆ ಕಟ್ಟಿದವನಿಗೆ ಈ ಥರ್ಮೋಕೋಲ್ ಮನೆಯ ಮರ್ಮ ತಿಳಿಯುವುದು ತಡವಾಯಿತು. ಟಿವಿ ಪ್ಯಾಕು ಮಾಡಿ ಬರುವ ಡಬ್ಬದಂಥ ಬ್ಲಾಕುಗಳನ್ನು ಮಕ್ಕಳ ಆಟಿಕೆಯಂತೆ ಒಂದರ ಮೇಲೊಂದು ಕೂರಿಸುವುದು, ನಡುವಿನ ಟೊಳ್ಳಿಗೆ ಸರಳು ಇಳಿಸುವುದು, ಕಾಂಕ್ರೀಟ್ ತುಂಬುವುದು. ಹಲಗೆಯ ಅಚ್ಚಾದರೆ ಆಮೇಲೆ ಬಿಚ್ಚಿ ಒಳಗೆ ಹೇಗಿದೆ ನೋಡಬಹುದು. ಈ ಬಿಳಿ ತೊಗಲನ್ನು ಬಿಚ್ಚುವ ಹಾಗಿಲ್ಲ, ಅದು ಗೋಡೆಯ ಜೊತೆಗೇ ಉಳಿಯುತ್ತದೆ. ಒಳಗೆ ಏನಾಯಿತೋ ತುಂಬಿದವನಿಗೇ ಗೊತ್ತು.

ಅಂದ ಹಾಗೆ, ಆ ಮನೆಯ ಮುಂದಿನ ಕೋಣೆಯ ಕಿಟಕಿ ಇದೆಯಲ್ಲ, ಅದರ ಬಲಗಡೆ ಗೋಡೆಯ ಬಗ್ಗೆ ಯಾರಾದರೂ ಏನಾದರೂ ಹೇಳಿದರೇ? ಸುಮ್ಮನೆ ಕೇಳಿದೆ.

ಇಂತಿ,
ನಿನ್ನ ಅಪ್ಪ

(ಇದು ಅಮ್ಮ. ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದರೆ ಕೇಳಿಸದವರ ಹಾಗೆ ಇರುತ್ತಾರೆ. ಅದೊಂದು ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತದೆ.)


ಜನವರಿ 27

ಅಪ್ಪನಿಗೆ,

ಕಾಗದ ತಲುಪಿತು. ಎರಡು ಸಲ ಓದಿದೆ.

ಇಲ್ಲಿ ಶಾಲೆ ಕಟ್ಟುತ್ತಿದ್ದೇವೆ, ಅದೇ ಬ್ಲಾಕುಗಳಲ್ಲಿ. ಒಂದು ಸಲಕ್ಕೆ ಮೂರೇ ಅಡಿ ತುಂಬಬೇಕು, ಗೋಡೆಯ ಸುತ್ತ ಒಂದು ಸುತ್ತು ಬಂದು ಆಮೇಲೆ ಮೇಲಿನ ಮೂರು ಅಡಿ. ನನ್ನ ಆಫೀಸು ಎಂದರೆ ಒಂದು ತಗಡಿನ ಶೆಡ್ಡು, ಒಂದು ಮೇಜು, ಒಂದು ಕುಂಟು ಕುರ್ಚಿ. ನನ್ನ ಕೈಕೆಳಗೆ ಹನ್ನೆರಡು ಜನ. ಎಲ್ಲರಿಗೂ ಕಿವಿ ಕೇಳಿಸುತ್ತದೆ, ಆದರೂ ಯಾರೂ ಹೇಳಿದ್ದನ್ನು ಕೇಳುವುದಿಲ್ಲ.

ಈ ಮೇಲಿನ ಸಾಲು ತಮಾಷೆಗೆ ಬರೆದೆ. ಬರೆದ ಮೇಲೆ ನಾಚಿಕೆಯಾಯಿತು. ಹೊಡೆದುಹಾಕಿದರೆ ಏನು ಹೊಡೆದುಹಾಕಿದಳೋ ಎಂದು ನೀವು ಯೋಚಿಸುತ್ತೀರಿ, ಅದಕ್ಕೆ ಬಿಟ್ಟಿದ್ದೇನೆ.

ನೀವು ಮರೆತಿದ್ದೇನೆ ಎಂದು ಬರೆದ ಮಾತನ್ನು ನಾನು ಮರೆತಿಲ್ಲ. "ಕಿವಿ ಕೇಳಿಸದಿದ್ರೆ ಮನೇಲಿ ಕೂತ್ಕೊಳ್ಳಿ, ಇಲ್ಲಿಗೆ ಯಾಕೆ ಬರ್ತೀರಿ" ಎಂದೆ. ನೀವು ಪೈಪು ಕೆಳಗಿಟ್ಟು ಕೈ ಒರೆಸಿಕೊಂಡಿರಿ. ಅಷ್ಟು ಹೊತ್ತು ಏನೂ ಕೇಳಿಸದಿದ್ದ ನಿಮಗೆ ಅದೊಂದು ಪೂರ್ತಿ ಕೇಳಿಸಿದೆ ಎಂದು ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಮನೆಯೊಳಗಿದ್ದ ವಿಷಯವನ್ನು ಬೀದಿಗೆ ತಂದವಳು ನಾನು.

ಆ ಗೋಡೆಯ ಬಗ್ಗೆ ಯಾರೂ ಏನೂ ಹೇಳಿಲ್ಲ. ತಪಾಸಣೆಯ ಕಾಗದಕ್ಕೆ ಸಹಿ ಹಾಕಿದವಳು ನಾನೇ ಅಲ್ಲವೇ. ಯಾಕೆ ಕೇಳಿದಿರಿ?

ಇಂತಿ,
ನಿಮ್ಮ ಮಗಳು


ಫೆಬ್ರವರಿ 16

ಗುಂಡುಸೂಜಿ,

ಯಾಕೆ ಕೇಳಿದಿರಿ ಎಂದೆಯಲ್ಲ. ವಯಸ್ಸಾದ ಮೇಲೆ ಸುಮ್ಮನೆ ಕೇಳುವುದು ಜಾಸ್ತಿಯಾಗುತ್ತದೆ.

ಟೇಲರಮ್ಮನ ಹತ್ತಿರ ಮೂರನೇ ಅಂಗಿಗೆ ಅಳತೆ ಕೊಟ್ಟು ಬಂದೆ. ನಗಬೇಡ. ಒಬ್ಬ ಗಂಡಸಿಗೆ ಎರಡು ತಿಂಗಳಲ್ಲಿ ಮೂರು ಅಂಗಿ ಬೇಕೇ ಎಂದು ನಿನ್ನ ಅಮ್ಮ ಕೇಳಿ ಆಗಿದೆ. ಅಳತೆ ತೆಗೆದುಕೊಂಡಿದ್ದೇನಲ್ಲ, ಮತ್ತೆ ಯಾಕೆ ಎಂದು ಟೇಲರಮ್ಮನೂ ಕೇಳಿದಳು. ದಪ್ಪ ಆಗಿದ್ದೇನೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಟೇಪು ತೆಗೆದಳು.

ಅವಳ ಹೊಲಿಗೆ ಮೆಷಿನ್ ಆ ಕಿಟಕಿಯ ಕೆಳಗೇ ಇದೆ. ಬಲಗಡೆ ಗೋಡೆಗೆ ಮೊಳೆ ಹೊಡೆದು ಕತ್ತರಿಸಿದ ಕಾಗದದ ನಮೂನೆಗಳನ್ನು ನೇತುಹಾಕಿದ್ದಾಳೆ. ಅವಳು ಟೇಪು ಹಿಡಿದು ನನ್ನ ಬೆನ್ನ ಹಿಂದೆ ಹೋದಾಗ ನಾನು ಗೋಡೆಗೆ ಬೆರಳ ಗೆಣ್ಣಿನಲ್ಲಿ ಬಡಿದು ನೋಡುತ್ತೇನೆ. ಇಟ್ಟಿಗೆ ಗೋಡೆ ಬಡಿದರೆ ಒಳಗಿನದನ್ನು ಹೇಳುತ್ತದೆ. ಇದು ದಿಂಬಿಗೆ ಬಡಿದ ಹಾಗೆ ಸುಮ್ಮನಿರುತ್ತದೆ, ಹೇಳಿದರೂ ನನಗೆ ಕೇಳಿಸಬೇಕಲ್ಲ. ಗೋಡೆಗೂ ಕಿವಿ ಇರುತ್ತದೆ ಅಂತಾರೆ, ಇಲ್ಲಿ ಕಟ್ಟಿದವನಿಗೇ ಇಲ್ಲ.

ಮನೆ ಮಾತ್ರ ಚೆನ್ನಾಗಿದೆ, ಒಪ್ಪಿಕೊಂಡೆ. ಹೊರಗೆ ನೆತ್ತಿ ಸುಡುವಾಗ ಒಳಗೆ ತಣ್ಣಗಿರುತ್ತದೆ. ಬೀದಿಯಲ್ಲಿ ಲಾರಿ ಹೋದರೂ ಸದ್ದಿಲ್ಲವಂತೆ. ಬಟ್ಟೆ ಕೊಡಲು ಬಂದವರಿಗೆ ಅವಳು ನನ್ನನ್ನು ತೋರಿಸಿ, ಈ ಗೋಡೆ ಎತ್ತಿದ ಮೇಸ್ತ್ರಿ ಇವರೇ ಎನ್ನುತ್ತಾಳೆ. ಆವತ್ತು ಒಬ್ಬ ಹೆಂಗಸು, ಈಗಿನ ಕಾಲದಲ್ಲಿ ನಂಬಿಕಸ್ತರು ಸಿಗುವುದು ಕಷ್ಟ ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಎದ್ದು ಚಪ್ಪಲಿ ಹಾಕಿಕೊಂಡೆ.

ಗೋಡೆ ತುಂಬಿದ ದಿನ ಸಂಜೆ ಉಳಿದ ಕಾಂಕ್ರೀಟಿನಲ್ಲಿ ನೀನು ಬಾಗಿಲಿಗೆ ಹಾಕಿಸಿಕೊಟ್ಟ ಮೆಟ್ಟಿಲನ್ನೂ ಎಲ್ಲರಿಗೂ ತೋರಿಸುತ್ತಾಳೆ. ಒಪ್ಪಂದದಲ್ಲಿ ಇರಲಿಲ್ಲ, ಆ ಹುಡುಗಿ ಪ್ರೀತಿಯಿಂದ ಹಾಕಿಸಿದಳು ಎನ್ನುತ್ತಾಳೆ. ಆ ಮಾತು ಕೇಳಿ ನನಗೆ ಹೆಮ್ಮೆಯಾಯಿತು.

ಇನ್ನೊಂದು ಸುದ್ದಿ. ಈಗಿರುವ ತಗಡಿನ ಚಾವಣಿ ತೆಗೆಸಿ ಮೇಲೆ ಎರಡು ಕೋಣೆ ಎತ್ತಿಸುತ್ತಾಳಂತೆ. ತನ್ನ ಅಕ್ಕನನ್ನೂ ಅಕ್ಕನ ಇಬ್ಬರು ಹೆಣ್ಣುಮಕ್ಕಳನ್ನೂ ಕರೆಸಿಕೊಳ್ಳಬೇಕಂತೆ. ಗುತ್ತಿಗೆದಾರ ಬಂದು ಅಳೆದು ಹೋಗಿದ್ದಾನೆ. ಮಹಡಿಯ ತೊಲೆಯ ಒಂದು ತುದಿ ಆ ಕಿಟಕಿಯ ಬಲಗಡೆಗೇ ಕೂರುತ್ತದಂತೆ. ಮೇ ತಿಂಗಳಲ್ಲಿ ಕೆಲಸ ಶುರು.

ಅವಳು ಇಷ್ಟನ್ನು ಹೇಳುವಾಗ ನಾನು ಅವಳ ಬಾಯನ್ನೇ ನೋಡುತ್ತಿದ್ದೆ, ತಪ್ಪಿ ಕೇಳಿಸಿರಲಿ ಎಂದುಕೊಂಡು. ತಪ್ಪಿ ಕೇಳಿಸಿರಲಿಲ್ಲ.

ಇಂತಿ,
ಅಪ್ಪ


ಫೆಬ್ರವರಿ 26

ಅಪ್ಪನಿಗೆ,

ಮಹಡಿಯ ವಿಷಯ ಖಚಿತವೇ? ಬರೀ ಮಾತೋ, ನಕ್ಷೆ ಆಗಿದೆಯೋ, ವಿಚಾರಿಸಿ ಬರೆಯಿರಿ.

ನಿಮಗೆ ಹೇಳುವುದೊಂದಿದೆ. ಕಾಗದದಲ್ಲಿ ಬರೆಯುವಂಥದ್ದಲ್ಲ. ರಜೆ ಸಿಕ್ಕಾಗ ಬಂದು ಹೇಳುತ್ತೇನೆ.

ಆ ಮೆಟ್ಟಿಲಿನ ಬಗ್ಗೆ ಹೆಮ್ಮೆ ಬೇಡ.

ನಿಮ್ಮ ಮಗಳು


ಮಾರ್ಚ್ 9

ಮಗಳೇ,

ನಕ್ಷೆ ಆಗಿದೆ. ಟೇಲರಮ್ಮ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿ ತೋರಿಸಿದಳು.

ನಿನಗೇನು ಹೇಳುವುದಿದೆಯೋ ಗೊತ್ತಿಲ್ಲ. ಅದಕ್ಕಿಂತ ಮೊದಲು ನನ್ನದನ್ನು ಕೇಳು. ಇವತ್ತು ಅಮ್ಮ ಪಕ್ಕದಲ್ಲಿಲ್ಲ, ಕದ ಹಾಕಿಕೊಂಡು ಬರೆಯುತ್ತಿದ್ದೇನೆ. ಮೂರು ಕಾಗದ ಹರಿದಿದ್ದೇನೆ.

ಆ ದಿನ ಬೆಳಿಗ್ಗೆ ಬ್ಲಾಕು ಒಡೆದ ಮೇಲೆ ನೀನು ನನ್ನ ಕೈಯಿಂದ ಪೈಪು ತೆಗೆದು ವೈಬ್ರೇಟರ್ ಕೊಟ್ಟೆ. ಸುರಿದ ಕಾಂಕ್ರೀಟಿನೊಳಗೆ ಆ ನಡುಗುವ ಸಲಾಕೆಯನ್ನು ಅದ್ದಿ ಅದ್ದಿ ತೆಗೆಯುವುದು, ಕಾಂಕ್ರೀಟ್ ಸಂದಿಗೊಂದಿಗೆಲ್ಲ ಇಳಿಯುವಂತೆ ಮಾಡುವುದು. ಸುಲಭದ ಕೆಲಸ, ಕಿವಿ ಬೇಕಿಲ್ಲ, ಕೈ ಸಾಕು ಎಂದು ಕೊಟ್ಟೆ. ನನಗೆ ಅರ್ಥವಾಯಿತು. ಮಧ್ಯಾಹ್ನದವರೆಗೆ ಚೆನ್ನಾಗಿಯೇ ಮಾಡಿದೆ.

ಕಿಟಕಿಯ ಬಲಗಡೆಗೆ ಬಂದಾಗ ಸಲಾಕೆ ಕೈಯಲ್ಲಿ ಸತ್ತುಹೋಯಿತು. ವೈರು ಎಲ್ಲೋ ಸಡಿಲವಾಗಿರಬೇಕು. ಆ ಜಾಗ ನಿನಗೆ ಗೊತ್ತು, ಒಂದೂವರೆ ಅಡಿ ಅಗಲ, ಸರಳುಗಳು ಒತ್ತೊತ್ತಾಗಿವೆ. ಅಲ್ಲಿ ನಡುಗಿಸದಿದ್ದರೆ ಕಾಂಕ್ರೀಟ್ ಸರಳಿಗೆ ಸಿಕ್ಕಿಕೊಂಡು ಮೇಲೇ ನಿಲ್ಲುತ್ತದೆ, ಕೆಳಗೆ ಟೊಳ್ಳಾಗುತ್ತದೆ. ನಿನ್ನನ್ನು ಕರೆದು ನಿಂತುಹೋಯಿತು ಎನ್ನಬೇಕಿತ್ತು. ಅಷ್ಟೇ. ಆದರೆ ಕರೆದರೆ ಆ ಎಂಟು ಜನ ಮತ್ತೆ ನನ್ನ ಕಡೆ ತಿರುಗುತ್ತಿದ್ದರು. ಮುದುಕ ಮತ್ತೇನೋ ಕೆಡಿಸಿದ ಎಂಬ ಮುಖಗಳನ್ನು ಒಂದೇ ದಿನ ಎರಡು ಸಲ ನೋಡುವ ಶಕ್ತಿ ನನಗಿರಲಿಲ್ಲ. ಸತ್ತ ಸಲಾಕೆಯನ್ನೇ ಅದ್ದಿದೆ, ತೆಗೆದೆ, ಅದ್ದಿದೆ, ತೆಗೆದೆ. ಮೈ ಕೂಡ ನಡುಗಿಸಿದೆ, ನೋಡಿದವರಿಗೆ ಮೆಷಿನ್ ಓಡುತ್ತಿದೆ ಅನ್ನಿಸಲಿ ಎಂದು. ಪಂಪಿನ ಗದ್ದಲದಲ್ಲಿ ಅದು ನಿಂತದ್ದು ಯಾರಿಗೂ ತಿಳಿಯುವ ಹಾಗಿರಲಿಲ್ಲ. ಮೂಲೆ ದಾಟಿದ ಮೇಲೆ ತನ್ನಷ್ಟಕ್ಕೆ ಮತ್ತೆ ಶುರುವಾಯಿತು. ಹಿಂದಕ್ಕೆ ಹೋಗಿ ಅದೇ ಜಾಗಕ್ಕೆ ಅದ್ದಬಹುದಿತ್ತು. ಹೋದರೆ ಯಾಕೆ ಹಿಂದೆ ಹೋದಿರಿ ಎಂದು ನೀನು ಕೇಳುತ್ತೀ ಎಂದು ಹೋಗಲಿಲ್ಲ.

ಇಷ್ಟೇ ನಡೆದದ್ದು. ಕಳ್ಳತನ ಮಾಡಿದ್ದರೆ ಹಸಿವಿಗೆ ಮಾಡಿದೆ ಎನ್ನಬಹುದಿತ್ತು. ಇದಕ್ಕೆ ಏನನ್ನಲಿ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಿದ್ದಳು ನನ್ನ ಅಮ್ಮ. ನನ್ನದು ಅಡಿಕೆಯಷ್ಟೂ ಇರಲಿಲ್ಲ.

ನನ್ನನ್ನು ತಿನ್ನುವುದು ನಿನ್ನ ಸಹಿ. ನಾನು ಮಾಡಿದ್ದಕ್ಕೆ ನೀನು ಏನೂ ತಿಳಿಯದೆ ಸಹಿ ಹಾಕಿದ್ದೀಯ. ಆ ಗೋಡೆಯ ಮೇಲೆ ನಾಳೆ ಇಬ್ಬರು ಹೆಣ್ಣುಮಕ್ಕಳು ಮಲಗುತ್ತಾರೆ.

ಏನು ಮಾಡಬೇಕೆಂದು ಬರೆ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಅಪ್ಪ


ಮಾರ್ಚ್ 29

ಗುಂಡುಸೂಜಿ,

ಇಪ್ಪತ್ತು ದಿನವಾಯಿತು, ನಿನ್ನ ಉತ್ತರವಿಲ್ಲ. ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿದೆಯಂತೆ, ನನ್ನನ್ನು ಕೇಳಲಿಲ್ಲವಂತೆ. ಸಿಟ್ಟಿದ್ದರೆ ಸಿಟ್ಟನ್ನೇ ಬರೆ. ಓದಲು ಕಿವಿ ಬೇಕಿಲ್ಲ.

ಮೂರನೇ ಅಂಗಿ ಹೊಲಿದು ಕೊಟ್ಟಳು. ತೋಳು, ಕುತ್ತಿಗೆ, ಎಲ್ಲ ಸರಿಯಾಗಿ ಕೂತಿದೆ. ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ.

ಅಪ್ಪ


ಏಪ್ರಿಲ್ 6

ಅಪ್ಪನಿಗೆ,

ಸಿಟ್ಟಿಲ್ಲ. ನಿಮ್ಮ ಕಾಗದ ಬಂದ ದಿನದಿಂದ ಅದನ್ನು ಮೇಜಿನ ಖಾನೆಯಲ್ಲಿಟ್ಟು, ಖಾನೆ ತೆಗೆಯುವುದನ್ನೇ ಬಿಟ್ಟಿದ್ದೆ. ಪೆನ್ನು ಅದರೊಳಗೇ ಇತ್ತು. ಬೇರೆಯವರ ಪೆನ್ನು ಕೇಳಿ ಕೆಲಸ ಸಾಗಿಸಿದೆ.

ಅಪ್ಪ, ಆ ಹೊತ್ತಿನಲ್ಲಿ ಪಂಪು ಓಡುತ್ತಿರಲಿಲ್ಲ. ಒಂದು ಲಾರಿ ಖಾಲಿಯಾಗಿ ಇನ್ನೊಂದು ಬರುವುದಿತ್ತು. ಪಂಪು ನಿಲ್ಲಿಸಿ ಎಲ್ಲರೂ ನೀರು ಕುಡಿಯಲು ಹಿತ್ತಲಿಗೆ ಹೋಗಿದ್ದರು. ನೀವು ಬೆನ್ನು ತಿರುಗಿಸಿ ನಿಂತಿದ್ದಿರಿ, ನಿಮಗೆ ಗೊತ್ತಾಗಲಿಲ್ಲ. ನಾನು ಗೋಡೆಯ ಒಳಮಗ್ಗುಲಲ್ಲಿ, ಕಿಟಕಿಯ ಕೆಳಗೆ, ಗೋಡೆಗೆ ಆಸರೆ ಕೊಟ್ಟ ಕಂಬ ಬಿಗಿಮಾಡುತ್ತಿದ್ದೆ. ಸೈಟಿನಲ್ಲಿ ಇದ್ದ ಒಂದೇ ಸದ್ದು ನಿಮ್ಮ ಮೆಷಿನ್ನಿನದು. ಅದು ನಿಂತದ್ದು ನನಗೆ ಕೇಳಿಸಿತು.

ನೀವು ಸಲಾಕೆ ಅದ್ದಿ ತೆಗೆಯುವಾಗ ಅದು ಸರಳಿಗೆ ತಗುಲುವ ಸದ್ದೂ ಕೇಳಿಸುತ್ತಿತ್ತು. ಆರು ಸಲ. ನಾನು ಎಣಿಸಿದೆ. ಒಂದು ಸಲ ಬಾಯಿ ತೆರೆದೆ. ಬೆಳಿಗ್ಗೆ ಅಂದದ್ದು ಬಾಯಲ್ಲೇ ಇತ್ತು, ಮುಚ್ಚಿಕೊಂಡೆ. ಹಿತ್ತಲಿನಲ್ಲಿದ್ದವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಯಾರೂ ಏನೂ ಅನ್ನಲಿಲ್ಲ.

ಹಾಗಾಗಿ ನಾನು ತಿಳಿಯದೆ ಸಹಿ ಹಾಕಿದೆ ಎನ್ನಬೇಡಿ. ತಿಳಿದೇ ಹಾಕಿದೆ.

ಇನ್ನು ಆ ಮೆಟ್ಟಿಲು. ಒಂದು ಬ್ಲಾಕಿಗೆ ಎಷ್ಟು ಕಾಂಕ್ರೀಟ್ ಹಿಡಿಯುತ್ತದೆ ಎಂಬುದು ನಿಗದಿ. ಗೋಡೆ ತುಂಬಿದ್ದರೆ ಸಂಜೆಗೆ ಏನೂ ಉಳಿಯಬಾರದಿತ್ತು. ಒಂಬತ್ತು ಬಾಂಡ್ಲಿ ಉಳಿಯಿತು. ಗುತ್ತಿಗೆದಾರ ಬಂದು ನೋಡಿದರೆ ಯಾಕೆ ಉಳಿಯಿತು ಎಂದು ಕೇಳುತ್ತಾನೆ. ಅವನು ಬರುವ ಮೊದಲೇ ನಾಲ್ಕು ಹಲಗೆ ಕಟ್ಟಿಸಿ ಬಾಗಿಲ ಮುಂದೆ ಸುರಿಸಿದೆ. ಗೋಡೆಯೊಳಗೆ ಇರಬೇಕಾದದ್ದು ಹೊಸಿಲ ಮುಂದೆ ಬಿದ್ದಿದೆ. ಟೊಳ್ಳು ಎಷ್ಟು ದೊಡ್ಡದು ಎಂದು ಯಾರಿಗಾದರೂ ತಿಳಿಯಬೇಕಿದ್ದರೆ ಆ ಮೆಟ್ಟಿಲನ್ನು ಅಳೆದರೆ ಸಾಕು. ನೀವು ಅದನ್ನು ತುಳಿದು ಅಂಗಿಗೆ ಅಳತೆ ಕೊಡಲು ಹೋಗುತ್ತಿದ್ದೀರಿ.

ಅಪ್ಪನ ಮರ್ಯಾದೆ ಉಳಿಸಿದೆ ಎಂದು ಇಷ್ಟು ತಿಂಗಳೂ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕಿವಿ ಕೇಳಿಸದವರನ್ನು ಕೆಲಸಕ್ಕೆ ತಂದವರು ಯಾರು ಎಂದು ಕೇಳಿದ್ದರೆ ನನ್ನ ಕಡೆಗೇ ಬೆರಳು ತೋರಿಸುತ್ತಿದ್ದರು. ನಾನು ಉಳಿಸಿಕೊಂಡದ್ದು ನನ್ನದನ್ನು.

ಏನು ಮಾಡಬೇಕೆಂದು ಕೇಳಿದ್ದೀರಿ. ಹೇಳಲು ನಾನು ಯಾರು?

ನಿಮ್ಮ ಮಗಳು


ಏಪ್ರಿಲ್ 12

ಮಗಳೇ,

ಕಾಗದ ಓದಿ ಒಂದು ದಿನ ಊಟ ಸೇರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎನ್ನುತ್ತಾರೆ. ನನ್ನ ಕಿವಿ ಮುಚ್ಚಿದ್ದರಿಂದ ಲೋಕದ ಕಿವಿಯೂ ಮುಚ್ಚಿದೆ ಎಂದುಕೊಂಡೆ. ಅಷ್ಟು ನಿಶ್ಶಬ್ದದಲ್ಲಿ ನಾನು ಮೈ ನಡುಗಿಸುತ್ತ ನಿಂತಿದ್ದೆ ಎಂದು ನೆನೆದರೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತದೆ. ನೀನು ಅಲ್ಲೇ ಕೂತು ಎಣಿಸುತ್ತಿದ್ದೆ. ಅದನ್ನು ನಿನ್ನ ಅಮ್ಮನಿಗೂ ಹೇಳಲಾರೆ.

ನಾಳೆ ಟೇಲರಮ್ಮನಿಗೆ ಹೇಳುತ್ತೇನೆ. ನೀನು ಬರುವವರೆಗೆ ಕಾದರೆ ನನ್ನ ಧೈರ್ಯ ಇಳಿದುಹೋಗುತ್ತದೆ. ನನ್ನದಷ್ಟೇ ಹೇಳುತ್ತೇನೆ. ನಿನಗೆ ಏನೂ ಗೊತ್ತಿರಲಿಲ್ಲ. ನನ್ನ ಕೆಲಸ ಹೋದರೆ ಹೋಗುವುದೇನಿದೆ, ನಿನಗೆ ಮುಂದೆ ಮೂವತ್ತು ವರ್ಷವಿದೆ. ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಇದನ್ನು ನೀನೂ ಹಾಗೇ ಮಾಡು.

ಅಪ್ಪ


ಮೇ 3

ಮೇಸ್ತ್ರಿಯವರ ಮಗಳಿಗೆ,

ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು. ಗಿರಾಕಿಗಳ ಅಳತೆ ಬರೆಯುವ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ.

ನಿಮ್ಮ ತಂದೆ ಹೋದ ತಿಂಗಳು ಹದಿಮೂರಕ್ಕೆ ಬಂದರು. ನಾಲ್ಕನೇ ಅಂಗಿ ಎಂದುಕೊಂಡು ನಾನು ಟೇಪು ತೆಗೆದೆ. ಕೂರಿ ಎಂದರೆ ಕೂರಲಿಲ್ಲ, ನಿಂತೇ ಎಲ್ಲ ಹೇಳಿದರು. ನನ್ನ ಮಗಳಿಗೆ ಏನೂ ಗೊತ್ತಿಲ್ಲ ಎಂದು ಮೂರು ಸಲ ಅಂದರು. ಅದಾಗಿ ಮೂರು ದಿನಕ್ಕೆ ನಿಮ್ಮ ಕಾಗದ ಬಂತು, ನಿಮಗೆಲ್ಲ ಗೊತ್ತಿತ್ತು, ಮೆಟ್ಟಿಲು ಹಾಕಿಸಿದ್ದೂ ಅದನ್ನು ಮುಚ್ಚಲಿಕ್ಕೇ ಎಂದು. ಗುತ್ತಿಗೆದಾರನಿಗೂ ಬರೆದಿದ್ದೀರಂತೆ. ಇಬ್ಬರೂ ಒಟ್ಟಿಗೆ ಮುಚ್ಚಿಟ್ಟಿರಿ, ಬೇರೆ ಬೇರೆಯಾಗಿ ಬಿಚ್ಚಿಟ್ಟಿರಿ.

ನನಗೆ ಬಹಳ ಸಿಟ್ಟು ಬಂತು. ಇನ್ನೂ ಪೂರ್ತಿ ಹೋಗಿಲ್ಲ. ಗೋಡೆಗಿಂತ ಹೆಚ್ಚು ಆ ಮೆಟ್ಟಿಲಿನ ಮೇಲೆ ಸಿಟ್ಟು. ಬಂದವರಿಗೆಲ್ಲ ಅದನ್ನು ತೋರಿಸಿ ನಿಮ್ಮನ್ನು ಹೊಗಳಿದ್ದೆ. ಈಗ ಆ ಮಾತನ್ನೆಲ್ಲ ವಾಪಸು ತೆಗೆದುಕೊಳ್ಳಲು ಯಾರ ಮನೆಗೆಂದು ಹೋಗಲಿ?

ಇಪ್ಪತ್ತೆರಡಕ್ಕೆ ಗೋಡೆ ಕೊಯ್ದರು. ಗಾರೆ ಕಿತ್ತು, ಬಿಳಿ ತೊಗಲನ್ನು ಚಾಕುವಿನಲ್ಲಿ ಚೌಕಾಕಾರವಾಗಿ ಕತ್ತರಿಸಿ ತೆಗೆದರು. ಮಂಡಿಯಿಂದ ಸೊಂಟದವರೆಗೆ ಟೊಳ್ಳು. ಸರಳುಗಳು ಬರಿಮೈಯಲ್ಲಿ ನಿಂತಿದ್ದವು. ನಾಲ್ಕು ತಿಂಗಳಿಂದ ನಾನು ಅದರ ಪಕ್ಕದಲ್ಲೇ ಕೂತು ಹೊಲಿದಿದ್ದೇನೆ. ನಿಮ್ಮ ತಂದೆ ಒಳಗೆ ಕೈ ಹಾಕಿ ನೋಡಿದರು, ಮೊಣಕೈವರೆಗೆ ಹೋಯಿತು. ಕೈ ಹೊರಗೆ ತೆಗೆಯದೆ ಹಾಗೇ ನಿಂತರು.

ಆಗ ನಾನೊಂದು ಮಾತು ಅಂದೆ. "ನಿಮ್ಮ ಮೂರು ಅಂಗೀನೂ ನಾನು ಅಳತೆ ತಪ್ಪದ ಹಾಗೆ ಹೊಲಿದೆ, ಮೇಸ್ತ್ರಿ." ಚುಚ್ಚಬೇಕೆಂದೇ ಅಂದೆ. ಅವರಿಗೆ ಕೇಳಿಸಲಿಲ್ಲ. ಕಿವಿಯ ಹಿಂದೆ ಕೈ ಹಿಡಿದು, ಏನಂದಿರಿ, ಇನ್ನೊಂದು ಸಲ ಹೇಳಿ ಎಂದರು. ಕೆಲಸದವರೆಲ್ಲ ನೋಡುತ್ತಿದ್ದರು. ಎರಡನೇ ಸಲ ಹೇಳಲು ಮನಸ್ಸಾಗಲಿಲ್ಲ, ಆದರೂ ಹೇಳಿದೆ. ಅವರು ತಲೆಯಾಡಿಸಿದರು. ಮೈಮೇಲೆ ನನ್ನ ಹೊಲಿಗೆಯ ಅಂಗಿಯೇ ಇತ್ತು.

ಆಮೇಲೆ ಆ ಟೊಳ್ಳನ್ನು ಅವರೇ ತುಂಬಿದರು. ಯಾರ ಕೈಗೂ ಬಿಡಲಿಲ್ಲ. ಮುಷ್ಟಿ ಮುಷ್ಟಿಯಾಗಿ ತುಂಬಿ, ಮರದ ಕೋಲಿನಲ್ಲಿ ತಿವಿದು ತಿವಿದು, ಸಂಜೆಯವರೆಗೂ ಮಂಡಿಯೂರಿ ಕೂತಿದ್ದರು. ಮಹಡಿ ಮುಗಿಯುವವರೆಗೆ ಅದಕ್ಕೆ ಗಾರೆ ಬಳಿಯಬೇಡಿ, ನನ್ನ ಕಣ್ಣಿಗೆ ಕಾಣುತ್ತಿರಲಿ ಎಂದಿದ್ದೇನೆ. ಮೆಟ್ಟಿಲು ಒಡೆಯುತ್ತೇನೆ ಎಂದು ಸುತ್ತಿಗೆ ತಂದಿದ್ದರು. ಬೇಡ ಎಂದೆ. ಅದು ಇರಲಿ, ತುಳಿಯುವುದಕ್ಕೆ.

ಮಹಡಿಗೆ ಕಾಂಕ್ರೀಟ್ ತುಂಬುವ ದಿನ ವೈಬ್ರೇಟರ್ ಅವರೇ ಹಿಡಿಯಬೇಕು ಎಂದು ಹಟ ಹಿಡಿದಿದ್ದೇನೆ. ಗುತ್ತಿಗೆದಾರ ಒಪ್ಪಲಿಲ್ಲ. ಬಟ್ಟೆಯನ್ನು ಒಮ್ಮೆ ತಪ್ಪು ಕತ್ತರಿಸಿದವಳು ಮುಂದೆ ಎರಡೆರಡು ಸಲ ಅಳೆಯುತ್ತಾಳೆ, ನಾನೂ ಹಾಗೇ ಕಲಿತವಳು ಎಂದೆ. ಕೊನೆಗೆ ಒಪ್ಪಿದ. ಇದು ಕ್ಷಮೆ ಎಂದುಕೊಳ್ಳಬೇಡಿ. ನನಗೆ ಗಟ್ಟಿ ಗೋಡೆ ಬೇಕು.

ಇಂತಿ,
ಟೇಲರ್


ಮೇ 15

ಅಪ್ಪನಿಗೆ,

ಟೇಲರಮ್ಮ ಬರೆದಿದ್ದಾರೆ. ನೀವು ಬರೆದ ಹಾಗೆಯೇ ನನ್ನ ಹೆಸರು ಮುಚ್ಚಿಡಲು ನೋಡಿದಿರಂತೆ. ಅಪ್ಪ, ಆ ಗೋಡೆ ಹಾಗಾದದ್ದೇ ನಾವು ಒಬ್ಬರನ್ನೊಬ್ಬರು ಮುಚ್ಚಿಡಲು ಹೋಗಿ. ಮತ್ತೆ ಅದನ್ನೇ ಮಾಡಿದಿರಿ.

ಗುತ್ತಿಗೆದಾರನ ತೀರ್ಮಾನದಂತೆ ಒಂದು ವರ್ಷ ನಾನು ಯಾವ ತಪಾಸಣೆಗೂ ಸಹಿ ಹಾಕುವಂತಿಲ್ಲ. ನನ್ನ ಕೈಕೆಳಗಿದ್ದ ಹನ್ನೆರಡು ಜನರ ಜೊತೆ ಈಗ ನಾನು ಹದಿಮೂರನೆಯವಳು. ತಗಡಿನ ಶೆಡ್ಡೂ ಕುಂಟು ಕುರ್ಚಿಯೂ ಬೇರೆಯವರದಾಯಿತು. ಮೊದಲ ವಾರ ಯಾರ ಮುಖವನ್ನೂ ನೋಡಲಾಗಲಿಲ್ಲ. ಊಟಕ್ಕೆ ಗೋಡೆಯ ಆಚೆ ಹೋಗಿ ಕೂರುತ್ತಿದ್ದೆ. ಆ ದಿನ ನೀವು ಎಲ್ಲಿ ಕೂತು ಊಟ ಮಾಡಿದಿರಿ ಎಂದು ನಾನು ನೋಡಿಯೇ ಇರಲಿಲ್ಲ, ಅದು ಈಗ ನೆನಪಾಗುತ್ತದೆ.

ವೈಬ್ರೇಟರ್ ನನ್ನ ಕೈಗೇ ಬಂದಿದೆ. ರಾತ್ರಿ ಮಲಗಿದರೂ ಬೆರಳುಗಳು ನಡುಗುತ್ತವೆ. ನಿಮಗೂ ಹೀಗಾಗುತ್ತಿತ್ತೇ? ಯಾವತ್ತೂ ಹೇಳಲಿಲ್ಲ.

ಮಹಡಿ ತುಂಬುವ ದಿನ ನನಗೆ ರಜೆ ಸಿಗುವುದಿಲ್ಲ. ನಿಮ್ಮನ್ನು ಒಂದೇ ಒಂದು ಕೇಳುತ್ತೇನೆ. ಕಿವಿ ತೋರಿಸಿಕೊಳ್ಳಿ. ಅಮ್ಮ ಹೇಳುತ್ತಾಳೆಂದಲ್ಲ, ನಾನು ಹೇಳುತ್ತೇನೆಂದು. ಎಂಟು ಜನರ ಮುಂದೆ ಹೇಳಬಾರದ ಹಾಗೆ ಹೇಳಿದ ಮಾತನ್ನು, ಈಗ ಹೇಳಬೇಕಾದ ಹಾಗೆ ಹೇಳುತ್ತಿದ್ದೇನೆ.

ನಿಮ್ಮ
ಗುಂಡುಸೂಜಿ


ಜೂನ್ 8

ಗುಂಡುಸೂಜಿ,

ನಿನ್ನೆ ಮಹಡಿಗೆ ಕಾಂಕ್ರೀಟ್ ತುಂಬಿದೆವು. ಕೈ ನೋವಿದೆ, ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ಬೆರಳು ನಡುಗುವುದರ ಬಗ್ಗೆ ಕೇಳಿದ್ದೆ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಮಲಗುವ ಮುಂಚೆ ಉಜ್ಜು. ನಿನ್ನ ಅಮ್ಮ ನಲವತ್ತು ವರ್ಷ ನನಗೆ ನೀರು ಕಾಯಿಸಿಕೊಟ್ಟಿದ್ದಾಳೆ, ಅದಕ್ಕೇ ನಿನಗೆ ಗೊತ್ತಾಗಲಿಲ್ಲ.

ಟೇಲರಮ್ಮ ಹೊಲಿಗೆ ಮೆಷಿನ್ನನ್ನು ಹಿಂದಿನ ಕೋಣೆಗೆ ಸಾಗಿಸಿ, ಅಂಗಡಿಗೆ ರಜೆ ಹಾಕಿ ಬೆಳಿಗ್ಗೆಯೇ ಬಂದು ನಿಂತಿದ್ದಳು. ನನ್ನ ಎಡಗೈಗೆ ಗಟ್ಟಿ ದಾರ ಕಟ್ಟಿದಳು, ಕೋಟು ಹೊಲಿಯುವ ದಾರ. ಇನ್ನೊಂದು ತುದಿ ಅವಳ ಕೈಯಲ್ಲಿ. ಒಂದು ಸಲ ಎಳೆದರೆ ನಿಲ್ಲಿಸಿ, ಎರಡು ಸಲ ಎಳೆದರೆ ಶುರುಮಾಡಿ. ಕರುವನ್ನು ಕಟ್ಟಿದ ಹಾಗೆ ಕಟ್ಟಿದ್ದೀರಲ್ಲ ಎಂದೆ. ಕರುವಾದರೆ ಹೇಳಿದ್ದು ಕೇಳುತ್ತದೆ ಎಂದಳು. ಕೆಲಸದವರು ನಕ್ಕರು. ನನಗೂ ನಗು ಬಂತು, ಬಹಳ ದಿನಗಳ ಮೇಲೆ.

ಮೂರು ಅಡಿ ತುಂಬಿ ಸುತ್ತು ಬಂದೆವು, ಮತ್ತೆ ಮೂರು ಅಡಿ. ಮಧ್ಯಾಹ್ನ ಆ ಕಿಟಕಿಯ ನೇರಕ್ಕೆ, ಬಲಗಡೆಗೇ, ಮೇಲಿನ ಗೋಡೆಗೆ ಬಂದಿದ್ದೆ. ಸಲಾಕೆ ಕೈಯಲ್ಲಿ ಸತ್ತುಹೋಯಿತು. ಕಥೆ ಕಟ್ಟುತ್ತಿದ್ದೇನೆ ಎಂದುಕೊಳ್ಳಬೇಡ, ಹಳೇ ಮೆಷಿನ್, ಅದೇ ಸಡಿಲ ವೈರು. ಪಂಪು ಓಡುತ್ತಿತ್ತೋ ನಿಂತಿತ್ತೋ ನನಗೆ ತಿಳಿಯಲಿಲ್ಲ. ಕೆಳಗೆ ನೋಡಿದೆ. ಟೇಲರಮ್ಮ ಬೇರೆ ಕಡೆ ನೋಡುತ್ತಿದ್ದಳು, ದಾರ ಸಡಿಲವಾಗಿತ್ತು.

ನನ್ನ ಕೈ ತನ್ನಷ್ಟಕ್ಕೆ ಸಲಾಕೆಯನ್ನು ಒಂದು ಸಲ ಅದ್ದಿತು. ಇದನ್ನು ನಿನಗೆ ಹೇಳದೆ ಇರಲಾರೆ. ಇಷ್ಟೆಲ್ಲ ಆದ ಮೇಲೂ ಒಂದು ಸಲ ಅದ್ದಿತು. ಮುಖಕ್ಕೆ ರಕ್ತ ಏರಿ ಬಂತು, ಅದೇ ಹಳೇ ನಾಚಿಕೆ. ಅದು ಎಲ್ಲಿಗೂ ಹೋಗಿಲ್ಲ, ನನ್ನ ಜೊತೆಗೇ ಏಣಿ ಹತ್ತಿ ಬಂದಿದೆ.

ಆಮೇಲೆ ಕೂಗಿದೆ. "ಮೆಷಿನ್ ನಿಂತುಹೋಗಿದೆ. ನನಗೆ ಕಿವಿ ಕೇಳಿಸೋದಿಲ್ಲ. ಯಾರಾದ್ರೂ ಬಂದು ನೋಡಿ."

ಎಷ್ಟು ಜೋರಾಗಿ ಕೂಗಿದೆನೋ ನನಗೇ ಗೊತ್ತಿಲ್ಲ. ಬೀದಿಯ ಆ ತುದಿಯವರೆಗೂ ಕೇಳಿಸಿತಂತೆ. ಹನ್ನೊಂದು ಜನ ನನ್ನ ಕಡೆ ತಿರುಗಿದರು. ನಾನು ಎಣಿಸಿದೆ. ಒಬ್ಬ ಏಣಿ ಹತ್ತಿ ಬಂದ, ವೈರನ್ನು ಒತ್ತಿ ಕೂರಿಸಿದ, ಇಳಿದು ಹೋದ. ಉಳಿದವರು ತಂತಮ್ಮ ಕೆಲಸಕ್ಕೆ ತಿರುಗಿಕೊಂಡರು.

ಅಷ್ಟೇ, ಮಗಳೇ. ಒಂದು ನಿಮಿಷವೂ ಹಿಡಿಯಲಿಲ್ಲ.

ಸೋಮವಾರ ಕಿವಿ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ.

ಇಂತಿ,
ನಿನ್ನ ಕಿವುಡ ಅಪ್ಪ